ಕ್ಷೇಮ ಸಮಾಚಾರದ ಕಾಗದಗಳು: ವಾರ್ತೆಯೋ, ವಾಙ್ಮಯವೋ?

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಹಳೆಯ ಒಕ್ಕಲುತನದ ಮನೆಗಳಲ್ಲಿ ಪಡಸಾಲೆಯ ಗೋಡೆಗೆ ಕಬ್ಬಿಣದ ತಂತಿಯ ಕೊಕ್ಕೆಯೊಂದು ತೂಗುತ್ತಿರುತ್ತಿತ್ತು. ಬಂದ ಕಾಗದವನ್ನು ಓದಿಸಿ ಕೇಳಿದ ಮೇಲೆ ಆ ಕೊಕ್ಕೆಗೆ ಚುಚ್ಚಿಡುವದು ವಾಡಿಕೆ. ಕಂದಾಯದ ಪಾವತಿ, ಅಡತಿಯ ಅಂಗಡಿಯ ಪಟ್ಟಿ, ಯಾರದೋ ಮದುವೆಯ ಲಗ್ನಪತ್ರಿಕೆ, ಮುಂಬಯಿಯಲ್ಲಿದ್ದ ಕಾಕನ ಕಾರ್ಡು, ಎಲ್ಲವೂ ಒಂದೇ ತಂತಿಯ ಮೇಲೆ ಒಂದರ ಮೇಲೊಂದು ಕುಳಿತು ಹೊಗೆ ಹಿಡಿಯುತ್ತಿದ್ದವು. ಈಗ ಆ ಮಣ್ಣಿನ ಮೇಲ್ಮುದ್ದೆಯ ಮನೆಗಳನ್ನು ಕೆಡವಿ ಹೊಸ ಮನೆಗಳನ್ನು ಕಟ್ಟುತ್ತಿರುವಾಗ ಈ ಕೊಕ್ಕೆಗಳು ಹೊರಗೆ ಬೀಳುತ್ತವೆ. ಪಾವತಿಯನ್ನು ಮಾತ್ರ ತೆಗೆದಿಟ್ಟುಕೊಂಡು ಉಳಿದುದನ್ನು ಬಚ್ಚಲೊಲೆಗೆ ಹಾಕುವದೇ ಹೆಚ್ಚು. ಹಾಗೆ ಹಾಕುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವದು ಯೋಗ್ಯ. ಈ ಕಾಗದಗಳಲ್ಲಿ ಕಾಯ್ದಿಡತಕ್ಕದ್ದು ಏನಾದರೂ ಉಂಟೆ? ಉಂಟೆಂದರೆ, ಅದು ಚರಿತ್ರಕಾರನಿಗೆ ಮಾತ್ರ ಬೇಕಾದದ್ದೋ, ಸಾಹಿತ್ಯದ ವಾಚಕನಿಗೂ ಸಲ್ಲತಕ್ಕದ್ದೋ?

ಊರು ಬಿಟ್ಟು ಹೋದವರಿಲ್ಲದೆ ಕಾಗದವಿಲ್ಲ. ಅಂಚೆ ಬಳಕೆಗೆ ಬರುವ ಮೊದಲು ಈ ಸೀಮೆಯ ಸುದ್ದಿ ಸಂತೆಗೆ ಹೋಗುವವನ ಬಾಯಲ್ಲಿ, ಬಳೆಗಾರನ ಬಾಯಲ್ಲಿ, ಜಾತ್ರೆಗೆ ಬಂದ ಬೀಗರ ಬಾಯಲ್ಲಿ ಸಂಚರಿಸುತ್ತಿತ್ತು. ಎರಡು ದಿನದ ಹಾದಿಯಾಚೆಗೆ ಅದು ಹೋಗುವದು ಅಪರೂಪ. 1876ರಿಂದ 1878ರ ವರೆಗಿನ, ಜನರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ ಆ ಘೋರ ಕ್ಷಾಮದಲ್ಲಿ ಬಿಜಾಪುರ, ಬೆಳಗಾವಿ, ಧಾರವಾಡ ಸೀಮೆಗಳ ಎಷ್ಟೋ ಒಕ್ಕಲುಗಳು ಎದ್ದುಹೋದವು. ಅದರ ಬೆನ್ನಿಗೇ, 1879ನೆಯ ಇಸವಿ ಜುಲೈ 1ರಂದು, ಸರಕಾರವು ಕಾಲಾಣೆಯ ಕಾರ್ಡನ್ನು ಮಾರಾಟಕ್ಕೆ ತಂದಿತು. 1854ರಲ್ಲಿಯೇ ದೂರದ ಲೆಕ್ಕವಿಲ್ಲದೆ ಹಗುರವಾದ ಲಕ್ಕೋಟೆಗೆ ಅರ್ಧಾಣೆ ಎಂಬ ಏಕರೂಪದ ದರವು ನಿಶ್ಚಿತವಾಗಿತ್ತು. ಆದರೆ ಬಡ ಒಕ್ಕಲಿಗನ ಕೈಗೆ ಅಂಚೆಯು ನಿಲುಕಿದ್ದು ಕಾರ್ಡು ಬಂದ ಮೇಲೆಯೇ. 1887ರಲ್ಲಿ ಗೋಕಾಕದ ಜಲಪಾತದ ಬದಿಯಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯು ಆರಂಭವಾಯಿತು. ಅದೇ ಕಾಲಕ್ಕೆ ಉಗಿಬಂಡಿಯ ಹಾದಿಯೂ ಈ ಸೀಮೆಯನ್ನು ಹಾಯ್ದುಹೋಯಿತು. ಶತಮಾನದ ಕೊನೆಗೆ ಧೂಪದಾಳದ ಒಡ್ಡಿನಿಂದ ಘಟಪ್ರಭೆಯ ನೀರು ಕಾಲುವೆಗೆ ತಿರುಗಿತು. ಹೀಗೆ ಒಂದು ತಲೆಮಾರಿನೊಳಗೆ ಗಿರಣಿಯ ಆಳಾಗಿ ಹೋದವರು, ಮುಂಬಯಿ ಸೊಲ್ಲಾಪುರಗಳಿಗೆ ದುಡಿಯಲು ಹೋದವರು, ಪಲಟಣಕ್ಕೆ ಸೇರಿದವರು, ಎಂದೂ ನೀರು ಕಾಣದ ಹೊಲವನ್ನು ಮೊದಲ ಸಾರೆ ಹಸನುಮಾಡಲು ಕಾಲುವೆಯ ಬದಿಗೆ ಹೋಗಿ ನೆಲೆಸಿದವರು, ಎಂಬ ಹೊಸ ಬಗೆಯ ಸಂಬಂಧಿಕರು ಪ್ರತಿಯೊಂದು ಮನೆತನಕ್ಕೂ ಹುಟ್ಟಿಕೊಂಡರು. ಹೊಲದ ಸುದ್ದಿಯನ್ನೂ ಮನೆಯ ಸುದ್ದಿಯನ್ನೂ ಇವರಿಗೆ ಮುಟ್ಟಿಸುವ ಸಲುವಾಗಿಯೇ ಈ ಕಾಗದಗಳು ಹುಟ್ಟಿದವು.

ಇವುಗಳಿಗೆ ಸಾಹಿತ್ಯದ ಪದವಿಯನ್ನು ಕೊಡಬಾರದೆನ್ನುವವರ ಪಕ್ಷವು ದುರ್ಬಲವಾದುದಲ್ಲ. ಅವರ ಬೆನ್ನಿಗೆ ಭಾಮಹನಂಥ ಪ್ರಾಚೀನ ಆಲಂಕಾರಿಕನಿದ್ದಾನೆ. ಸೂರ್ಯನು ಅಸ್ತಂಗತನಾದನು, ಚಂದ್ರನು ಬೆಳಗುತ್ತಿದ್ದಾನೆ, ಹಕ್ಕಿಗಳು ಗೂಡಿಗೆ ಹೋಗುತ್ತಿವೆ ಎಂಬ ಅರ್ಥದ ಮಾತುಗಳನ್ನು ಎತ್ತಿಕೊಂಡು, ಇದೆಂಥ ಕಾವ್ಯ, ಇದು ಬರಿಯ ವಾರ್ತೆ ಎಂದು ಆತನು ತಳ್ಳಿಹಾಕುತ್ತಾನೆ. ಮಳೆಯಾಯಿತು, ಜೋಳ ಬಿತ್ತಿದೆವು, ಎಮ್ಮೆ ಈಯಿತು ಎಂಬ ಕಾಗದದ ಮಾತುಗಳು ಭಾಮಹನ ಮುಂದೆ ಬಂದಿದ್ದರೆ ಅವುಗಳಿಗೂ ಇದೇ ಗತಿಯಾಗುತ್ತಿತ್ತು. ವಸ್ತುವಿನ ಸ್ವಭಾವವನ್ನು ಇದ್ದಕ್ಕಿದ್ದಂತೆ ಹೇಳುವ ಸ್ವಭಾವೋಕ್ತಿಯನ್ನು ದಂಡಿಯು ಅಲಂಕಾರಗಳಲ್ಲಿ ಮೊದಲನೆಯದೆಂದು ಎಣಿಸಿದರೂ, ಕುಂತಕನು ಅದನ್ನು ಒಪ್ಪಲಿಲ್ಲ. ಸ್ವಭಾವವು ಅಲಂಕರಿಸಲ್ಪಡುವ ಶರೀರವೇ ಹೊರತು ತಾನೇ ಅಲಂಕಾರವಾಗಲಾರದೆಂದು ಆತನ ವಾದ.

ಆದರೆ ಶಾಸ್ತ್ರವು ಅಲ್ಲಿಗೇ ನಿಲ್ಲಲಿಲ್ಲ. ಭಾಮಹನು ವಾರ್ತೆಯೆಂದು ತಿರಸ್ಕರಿಸಿದ ಆ ಸೂರ್ಯಾಸ್ತದ ವಾಕ್ಯವನ್ನೇ ಮುಂದೆ ಮಮ್ಮಟನು ಕಾವ್ಯಪ್ರಕಾಶದಲ್ಲಿ ವ್ಯಂಜನಾವೃತ್ತಿಯ ಸಮರ್ಥನೆಗೆ ಉದಾಹರಣೆಯಾಗಿ ತಂದನು. ವಾಕ್ಯವು ಒಂದೇ, ವಾಚ್ಯಾರ್ಥವೂ ಒಂದೇ. ಆದರೆ ಹೇಳುವವನು ಯಾರು, ಕೇಳುವವನು ಯಾರು ಎಂಬದರ ಮೇಲಿಂದ ಅದು ಒಬ್ಬನಿಗೆ ಕೆಲಸ ನಿಲ್ಲಿಸೆಂದೂ, ಇನ್ನೊಬ್ಬನಿಗೆ ಸಂಧ್ಯಾವಂದನೆಯ ಹೊತ್ತಾಯಿತೆಂದೂ, ಮತ್ತೊಬ್ಬನಿಗೆ ದನಗಳನ್ನು ಹಟ್ಟಿಗೆ ಹೊಡೆಯೆಂದೂ, ವಿರಹಿಣಿಗೆ ಬೇರೊಂದನ್ನೂ ತಿಳಿಸುತ್ತದೆ. ಅಂದ ಮೇಲೆ ವಾರ್ತೆಗೂ ಕಾವ್ಯಕ್ಕೂ ನಡುವಿನ ಗೆರೆಯು ವಾಕ್ಯದಲ್ಲಿಲ್ಲ, ವಕ್ತೃ-ಶ್ರೋತೃಗಳ ಸಂಬಂಧದಲ್ಲಿದೆ. ಮನೆಯ ಕಾಗದವನ್ನು ಅಳೆಯತಕ್ಕ ಸರಿಯಾದ ಅಳತೆಗೋಲು ಇದೇ. ಅದು ಲೋಕಕ್ಕೆ ಬರೆದದ್ದಲ್ಲ. ಆ ಹೊಲದ ಬದುವನ್ನು ತಾನೇ ಹಾಕಿದ, ಆ ಎತ್ತಿನ ಕೊಂಬನ್ನು ತಾನೇ ಹೆರೆದ ಒಬ್ಬ ಶ್ರೋತೃವಿಗೆ ಬರೆದದ್ದು. ಅವನು ಓದಿದಂತೆ ಓದಬಲ್ಲವನಿಗೆ ಮಾತ್ರ ಅದು ಬಾಯಿಬಿಡುತ್ತದೆ.

ಮೊದಲು ಕಾಗದದ ರೂಪವನ್ನು ನೋಡತಕ್ಕದ್ದು. ನೆತ್ತಿಯ ಮೇಲೆ 'ಶ್ರೀ'; ಆ ಬಳಿಕ ತೀರ್ಥರೂಪ, ಮಾತೃಶ್ರೀ, ಚಿರಂಜೀವಿ, ಸೌಭಾಗ್ಯವತಿ ಎಂಬ ಸಂಬೋಧನೆ; ಸಾಷ್ಟಾಂಗ ನಮಸ್ಕಾರವೋ ಶರಣು ಶರಣಾರ್ಥಿಯೋ ಅನೇಕ ಆಶೀರ್ವಾದಗಳೋ; 'ಉಭಯ ಕುಶಲೋಪರಿ'; 'ಇತ್ತ ಎಲ್ಲರೂ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯಿಸುತ್ತ ಇರಬೇಕು'; ಆಮೇಲೆ 'ತರುವಾಯ' ಎಂಬ ಒಂದು ಶಬ್ದ; ಅದರ ಕೆಳಗೆ ಸುದ್ದಿ; ಕೊನೆಗೆ 'ಹೆಚ್ಚಿಗೆ ಏನು ಬರೆಯಲಿ'. ಇದು ಸತ್ತ ಸಂಪ್ರದಾಯ, ಗಿಳಿಪಾಠ, ಕಾಲಾಣೆಯ ಕಾರ್ಡಿನ ಅರ್ಧ ಜಾಗವನ್ನು ವ್ಯರ್ಥವಾಗಿ ನುಂಗುವ ಪೀಠಿಕೆ ಎಂದು ಹೊಸ ಕಾಲದವರು ನಗುವದುಂಟು. ಆದರೆ ಈ ಪೀಠಿಕೆಯ ವಂಶವು ದೊಡ್ಡದು. ಮೇಘದೂತದ ಯಕ್ಷನು ಅಷ್ಟು ದೂರದಿಂದ ಸಂದೇಶ ಕಳಿಸುವಾಗಲೂ ತಾನು ಜೀವದಿಂದಿರುವದನ್ನು ತಿಳಿಸಿ, ಅವಳ ಕುಶಲವನ್ನು ಕೇಳಿ, ಆ ಮೇಲೆಯೇ ತನ್ನ ಹೃದಯದ ಮಾತಿಗೆ ಬರುತ್ತಾನೆ. ಗುರ್ಜರ ದೇಶದಲ್ಲಿ ಸಂಕಲಿತವಾದ ಲೇಖಪದ್ಧತಿಯೆಂಬ ಸಂಸ್ಕೃತ ಗ್ರಂಥದಲ್ಲಿ ರಾಜಶಾಸನ, ಕ್ರಯಪತ್ರಗಳ ಜೊತೆಗೆ ಮನೆಯವರು ಮನೆಯವರಿಗೆ ಬರೆಯತಕ್ಕ ಓಲೆಗಳ ಮಾದರಿಗಳೂ ಇವೆ. ಹುಕ್ಕೇರಿಯ ಕಟ್ಟೆಯ ಮೇಲೆ ಕುಳಿತು ಬರೆದ ಕಾರ್ಡು ಆ ಪರಂಪರೆಯ ದೂರದ ಮೊಮ್ಮಗನೇ ಸರಿ.

ವಂಶಕ್ಕಿಂತ ಮುಖ್ಯವಾದುದು ಅದು ಮಾಡಿದ ಕೆಲಸ. ಕಾಗದವನ್ನು ಕಳಿಸುವವರಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ. ಅವರು ಮಾಸ್ತರರ ಬಳಿಗೋ ಕುಲಕರ್ಣಿಯ ಬಳಿಗೋ ಹೋಗಿ, ನೆಲದ ಮೇಲೆ ಕುಳಿತು, ಹೇಳಿ ಬರೆಯಿಸುತ್ತಿದ್ದರು. ಅತ್ತ ಕಡೆಯೂ ಮತ್ತೊಬ್ಬನು ಓದಿ ಹೇಳಬೇಕು. ಹೀಗೆ ನಾಲ್ಕು ಜನರ ನಡುವೆ ಹಾಯುವ ಕಾಗದದಲ್ಲಿ ಮನಸ್ಸಿನೊಳಗಿನದನ್ನು ಮೊದಲ ಮಾತಿಗೇ ಆಡುವದು ಯಾರಿಗೂ ಸಾಧ್ಯವಿಲ್ಲ. ಆ ಸಂಕೋಚದ ಹೊಳೆಯನ್ನು ದಾಟಿಸುವ ದೋಣಿಯು ಈ ಪೀಠಿಕೆ. ಅದನ್ನು ಹೇಳಿ ಬರೆಯಿಸುವಷ್ಟರಲ್ಲಿ ಹೇಳುವವನ ದನಿಯು ಸ್ಥಿರವಾಗುತ್ತದೆ. ಅಲ್ಲದೆ, ಹರಕು ಧೋತರದ ಒಕ್ಕಲಿಗನು ಗಿರಣಿಯ ಆಳಾದ ತನ್ನ ಅಣ್ಣನಿಗೆ ಬರೆಯಿಸುವಾಗಲೂ ದೇಸಾಯರ ಮನೆಯ ಕಾಗದಕ್ಕಿರುವ ಮರ್ಯಾದೆಯೇ ಅವನ ಕಾಗದಕ್ಕೂ ಇರುತ್ತಿತ್ತು. ಕ್ಷೇಮೇಂದ್ರನು ಕಾವ್ಯದ ಜೀವಿತವೆಂದು ಎತ್ತಿಹಿಡಿದ ಔಚಿತ್ಯವು ಇಲ್ಲಿ ಶಾಸ್ತ್ರದ ಹೆಸರಿಲ್ಲದೆಯೇ ನೆಲೆಸಿದೆ.

ಇನ್ನು ಸುದ್ದಿಯ ಭಾಗ. ಯಾವ ಮನೆಯ ಕಾಗದವನ್ನೂ ಬಯಲಿಗೆಳೆಯುವದು ತರವಲ್ಲವಾದುದರಿಂದ, ರೀತಿಯನ್ನು ತೋರಿಸುವದಕ್ಕಾಗಿ ಕಟ್ಟಿದ ಒಂದು ಮಾದರಿಯನ್ನು ಇಲ್ಲಿ ಕೊಡಲಾಗಿದೆ. ಮೂಡಲಗಿಯ ಕಡೆಯ ಎರೆಭೂಮಿಯ ಒಕ್ಕಲಿಗನು ಮುಂಬಯಿಯಲ್ಲಿರುವ ತನ್ನ ಕಾಕನಿಗೆ ಬರೆಯಿಸಿದನೆಂದು ಭಾವಿಸತಕ್ಕದ್ದು:

"ತೀರ್ಥರೂಪ ಕಾಕಾ ಅವರ ಪಾದಕ್ಕೆ ಮಗನ ಸಾಷ್ಟಾಂಗ ನಮಸ್ಕಾರ. ಇತ್ತ ಎಲ್ಲರೂ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯಿಸಬೇಕು. ತರುವಾಯ, ಈ ಸಾರೆ ಮಿರಗ ಬರಲಿಲ್ಲ. ಹಸ್ತ ಹಿಡಿಯಿತು, ಜೋಳ ಬಿತ್ತಿದ್ದೇವೆ. ಬಿಳಿಯ ಎತ್ತನ್ನು ಸಂತೆಯಲ್ಲಿ ಕೊಟ್ಟೆವು. ಕರಿಯದು ಎರಡು ದಿವಸ ಮೇವು ಮುಟ್ಟಲಿಲ್ಲ, ಈಗ ತಿನ್ನುತ್ತದೆ. ಅವ್ವ ತಮ್ಮನ್ನು ಕೇಳಿದ್ದಾಳೆ. ಹೆಚ್ಚಿಗೆ ಏನು ಬರೆಯಲಿ."

ಭಾಮಹನ ಕಣ್ಣಿಗೆ ಇದೆಲ್ಲವೂ ವಾರ್ತೆ. ಮುಂಬಯಿಯ ಆ ಕಾಕನ ಕಿವಿಯಿಂದ ಕೇಳಿದರೆ ಹಾಗಲ್ಲ. ಮಿರಗ ಬರಲಿಲ್ಲವೆಂದರೆ ಮುಂಗಾರಿಯ ಪೈರು ಇಲ್ಲ. ಕೈಗೆ ಹಣ ಬರುವದು ಆರು ತಿಂಗಳು ಮುಂದೆ ಹೋಯಿತು. ಹಸ್ತದ ಮಳೆಗೆ ಜೋಳ ಬಿತ್ತಿದರೆಂದರೆ ಬೀಜಕ್ಕೆ ಸಾಲ ತಂದರು. ಆ ಸಾಲದ ಮಾತು ಎಲ್ಲಿಯೂ ಇಲ್ಲ. ಅದರ ಬದಲು ಬಿಳಿಯ ಎತ್ತು ಇದೆ. ಎಷ್ಟಕ್ಕೆ ಕೊಟ್ಟರೆಂಬದಿಲ್ಲ, ಯಾಕೆ ಕೊಟ್ಟರೆಂಬದಿಲ್ಲ. ಒಳ್ಳೆಯ ಬೆಲೆಗೆ ಹೋಗಿದ್ದರೆ ಅದನ್ನು ಬರೆಯದೆ ಬಿಡುತ್ತಿರಲಿಲ್ಲ. ಜೋಡಿಯಲ್ಲಿ ಒಂದು ಹೋಯಿತೆಂದರೆ ಇನ್ನು ಮೇಲೆ ನೆರೆಯವನ ಎತ್ತನ್ನು ಮುಯ್ಯಿಗೆ ಕೇಳಿ ಹೂಡಬೇಕು. ತನ್ನ ಹೊಲಕ್ಕೆ ತನ್ನ ಹದದಲ್ಲಿ ಕೂರಿಗೆ ಹೂಡುವ ಸ್ವಾತಂತ್ರ್ಯ ಹೋಯಿತು. ಇಷ್ಟೆಲ್ಲ ಆದ ಮೇಲೆ ಮನೆಯವರ ದುಃಖವನ್ನು ಕುರಿತು ಒಂದಕ್ಷರವೂ ಇಲ್ಲ. ಮೇವು ಬಿಟ್ಟದ್ದು ಕರಿಯ ಎತ್ತು. ಮನುಷ್ಯರು ಉಂಡರೋ ಬಿಟ್ಟರೋ ಎಂಬದನ್ನು ಕಾಕನು ಅದರಿಂದಲೇ ತಿಳಿಯಬೇಕು, ತಿಳಿಯುತ್ತಾನೆ. 'ಈಗ ತಿನ್ನುತ್ತದೆ' ಎಂಬಲ್ಲಿ ಸಮಾಧಾನವೂ ಇದೆ, ಆತನು ಗಾಬರಿಯಾಗಬಾರದೆಂಬ ಕಾಳಜಿಯೂ ಇದೆ. ರಸಧ್ವನಿಗೆ ಇದಕ್ಕಿಂತ ಸರಳವಾದ ಉದಾಹರಣೆಯನ್ನು ಹುಡುಕಿಕೊಂಡು ಹೋಗಬೇಕಾದ ಕಾರಣವಿಲ್ಲ. 'ಹೆಚ್ಚಿಗೆ ಏನು ಬರೆಯಲಿ' ಎಂಬ ಸವೆದ ಮಾತು ಇಂಥ ಕಾಗದದ ಕೊನೆಗೆ ಬಂದಾಗ ಸವೆದ ಮಾತಾಗಿ ಉಳಿಯುವದಿಲ್ಲ. ಬರೆಯತಕ್ಕದ್ದು ಇನ್ನೂ ಇದೆ, ಬರೆಯಲಾರೆ ಎಂಬದೇ ಅದರ ಅರ್ಥ.

ಇಷ್ಟು ಗುಣವನ್ನು ಹೇಳಿದ ಮೇಲೆ ದೋಷವನ್ನು ಮುಚ್ಚುವದು ವಿಮರ್ಶೆಯಲ್ಲ. ಮೊದಲನೆಯದಾಗಿ, 'ಎಲ್ಲರೂ ಕ್ಷೇಮ' ಎಂಬದು ಎಷ್ಟೋ ಸಾರೆ ಸತ್ಯವಲ್ಲ. ದೂರದಲ್ಲಿರುವವನಿಗೆ ಚಿಂತೆ ಹಚ್ಚಬಾರದೆಂಬ ಸದುದ್ದೇಶದಿಂದ ಹುಟ್ಟಿದ ಸುಳ್ಳು, ವರುಷದ ಮೇಲೆ ವರುಷ ಬೆಳೆದು, ಆತನು ಊರಿಗೆ ಬಂದ ದಿನ ಹೊಲವೇ ಪರರ ಪಾಲಾಗಿರುವದನ್ನು ಕಾಣುವಂತೆ ಮಾಡಿದ ಪ್ರಸಂಗಗಳು ಈ ಸೀಮೆಗೆ ಹೊಸವಲ್ಲ. ಧ್ವನಿಯು ಕಾವ್ಯಕ್ಕೆ ಭೂಷಣ. ಆಸ್ತಿಯ ವ್ಯವಹಾರಕ್ಕೆ ವಾಚ್ಯವೇ ಭೂಷಣ. ಯಾವದನ್ನು ಸೂಚಿಸಬೇಕು, ಯಾವದನ್ನು ಬಾಯಿಬಿಟ್ಟು ಹೇಳಬೇಕು ಎಂಬ ವಿವೇಕವು ಎಲ್ಲ ಕಾಗದಗಳಲ್ಲಿಯೂ ಇದ್ದಿತೆಂದು ಹೇಳಲಾಗದು.

ಎರಡನೆಯದಾಗಿ, ಕೊಕ್ಕೆಯ ಸಾಕ್ಷ್ಯವು ಅಪೂರ್ಣವಾದುದು. ಶುಭದ ಕಾಗದಕ್ಕೆ ಮೂಲೆಯಲ್ಲಿ ಅರಿಷಿಣ-ಕುಂಕುಮ ಹಚ್ಚುವಂತೆ, ಸಾವಿನ ಸುದ್ದಿಯ ಕಾರ್ಡಿನ ಮೂಲೆಯನ್ನು ಹರಿಯುವ ಪದ್ಧತಿಯಿತ್ತು. ಹರಿದ ಮೂಲೆಯನ್ನು ಕಂಡೊಡನೆ ಓದುವ ಮೊದಲೇ ಮನೆಯಲ್ಲಿ ಅಳು ಏಳುತ್ತಿತ್ತು. ಓದಿದ ಮೇಲೆ ಆ ಕಾಗದವನ್ನು ಒಳಗೆ ಇಡದೆ ಹರಿದುಹಾಕುತ್ತಿದ್ದರು. ಆದುದರಿಂದ ತಂತಿಯ ಮೇಲೆ ಉಳಿದು ಬಂದವೆಲ್ಲ ಬದುಕಿನ ಕಾಗದಗಳು. ಸಾವಿನ ಕಾಗದಗಳು ಅಲ್ಲಿಲ್ಲ. ಪ್ಲೇಗಿನ ಕಾಲದ, 1918ರ ಇನ್‌ಫ್ಲುಯೆಂಝಾ ಜ್ವರದ ಕಾಲದ ಕಾಗದಗಳ ಗಂಟನ್ನು ಬಿಚ್ಚಿ ಆ ದಿನಗಳು ಅಷ್ಟೇನೂ ಕಠಿಣವಾಗಿರಲಿಲ್ಲವೆಂದು ನಿರ್ಣಯಿಸುವವನು ಮೋಸಹೋಗುತ್ತಾನೆ. ಒಮ್ಮೆಲೇ ಒಂದು ಹೆಸರು 'ಕೇಳಿದ್ದಾರೆ'ಗಳ ಸಾಲಿನಿಂದ ಬಿದ್ದುಹೋಗುವದೊಂದೇ ಅಲ್ಲಿ ಮರಣದ ಗುರುತು.

ಮೂರನೆಯ ದೋಷವು ಎಲ್ಲಕ್ಕೂ ದೊಡ್ಡದು. 'ಅವ್ವ ತಮ್ಮನ್ನು ಕೇಳಿದ್ದಾಳೆ' ಎಂಬ ಮೂರು ಶಬ್ದಗಳಲ್ಲಿ ಹೆಣ್ಣುಮಕ್ಕಳ ಪಾಲು ಮುಗಿಯುತ್ತದೆ. ಅವ್ವ ನಿಜವಾಗಿ ಏನು ಕೇಳಿದಳು? ಬರೆಯುವವನು ಗಂಡಸು, ಬರೆಯಿಸುವವನು ಗಂಡಸು. ಕಾರ್ಡಿನ ಮೇಲೆ ಬರೆದದ್ದನ್ನು ಅಂಚೆಯವನಾದಿಯಾಗಿ ಯಾರು ಬೇಕಾದರೂ ಓದಬಹುದು. ಅವಳ ಮಾತು ಬೀಸುವ ಕಲ್ಲಿನ ಮುಂದೆ ಹಾಡಾಗಿ ಹರಿಯಿತೇ ಹೊರತು ಕಾಗದಕ್ಕೆ ಇಳಿಯಲಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡನ್ನು ಪ್ರಕಟಿಸಿದಾಗ ವಿದ್ವಾಂಸರು ಬೆರಗಾದದ್ದು ಇದೇ ಕಾರಣದಿಂದ. ಅದೇ ಮನೆಗಳ ಇನ್ನೊಂದು ಅರ್ಧದ ಸುದ್ದಿಯು ಆಗ ಮೊದಲ ಸಾರೆ ಅಚ್ಚಿನಲ್ಲಿ ಬಂದಿತು. ಹಾಗೆಯೇ, ಶಾಲೆಯ ಮೆಟ್ಟಿಲನ್ನು ಹತ್ತಗೊಡದವರ, ಬರೆದುಕೊಡೆಂದು ಕೇಳಿದರೂ ಯಾರೂ ಬರೆದುಕೊಡದಿದ್ದವರ ಕೇರಿಗಳಲ್ಲಿ ಇಂಥ ಕೊಕ್ಕೆಗಳೇ ಇರಲಿಲ್ಲ. ಅವರಲ್ಲಿಯೂ ಗುಳೆ ಹೋದವರಿದ್ದರು; ಅವರ ಹಿಂದೆ ಕಾಯುವವರಿದ್ದರು. ಕಾಗದಗಳ ಗುಣವನ್ನು ಹೊಗಳುವಾಗ ಕಾಗದವಿಲ್ಲದವರನ್ನು ಮರೆಯತಕ್ಕದ್ದಲ್ಲ.

ಇನ್ನು ಭಾಷೆಯ ವಿಷಯ. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಬಹುಕಾಲ ಕಚೇರಿಯ ಬರವಣಿಗೆ ಮರಾಠಿ, ಲಿಪಿ ಮೋಡಿ. ಮನೆಯಲ್ಲಿ ಕನ್ನಡವಾಡುವವರೂ ಕಾಗದವನ್ನು ಮೋಡಿಯಲ್ಲಿ ಬರೆಯಿಸುತ್ತಿದ್ದುದುಂಟು. ಕನ್ನಡ ಶಾಲೆಗಳು ಹಬ್ಬಿ, 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿ, ಕನ್ನಡದಲ್ಲಿ ಬರೆಯುವದು ಅಭಿಮಾನದ ಸಂಗತಿಯಾದ ಮೇಲೆ ಮನೆಯ ಕಾಗದಗಳೂ ಕ್ರಮೇಣ ಮನೆಯ ಮಾತಿಗೆ ತಿರುಗಿದವು. ಆಗ ಒಂದು ವಿಚಿತ್ರ ಸಂಗಮವಾಯಿತು. ಕಾಗದದ ತಲೆಯು ಸಂಸ್ಕೃತ, ಒಡಲು ಹೊಲದ ಕನ್ನಡ. 'ತರುವಾಯ' ಎಂಬ ಶಬ್ದದ ಮೇಲೆ ಒಂದು ಭಾಷೆ, ಕೆಳಗೆ ಇನ್ನೊಂದು. ಮಾಸ್ತರನು ವ್ಯಾಕರಣವನ್ನು ಎಷ್ಟು ತಿದ್ದಿದರೂ, 'ಹದ', 'ಮುಯ್ಯಿ', 'ಕರಿಕಿ', 'ಹಗೇವು' ಎಂಬ ಶಬ್ದಗಳಿಗೆ ಬದಲು ಶಬ್ದವು ಅವನಿಗೆ ಸಿಗುತ್ತಿರಲಿಲ್ಲ. ಅವು ಹಾಗೆಯೇ ಒಳಗೆ ಬಂದವು. ಆಡುಮಾತಿಗೆ ಲೇಖನದ ಗೌರವವನ್ನು ಕೊಟ್ಟವರೆಂದು ಇದೇ ಸೀಮೆಯ ಸಾಹಿತಿಗಳನ್ನು ನಾಡು ಸ್ಮರಿಸುತ್ತದೆ: ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದರು, ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು, ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು. ಅವರ ಪ್ರತಿಭೆಯು ಅವರದೇ. ಆದರೆ ಹೊಲದ ಮಾತು ಬರವಣಿಗೆಗೆ ಇಳಿಯಬಲ್ಲದೆಂಬದನ್ನು ಹೆಸರಿಲ್ಲದ ಕಾಗದಗಳು ಅದಕ್ಕೂ ಮೊದಲೇ, ಪ್ರತಿಜ್ಞೆಯಿಲ್ಲದೆ, ಮಾಡಿ ತೋರಿಸಿದ್ದವು.

ಕಾಗದದ ವಿಳಾಸವೂ ಓದಲು ತಕ್ಕದ್ದು. ಮೂಡಲಗಿಯು ಪ್ರತ್ಯೇಕ ತಾಲೂಕಾದದ್ದು ಈಚಿನ ಮಾತಾದುದರಿಂದ ಅಲ್ಲಿಯ ಹಳೆಯ ಕಾರ್ಡುಗಳ ಮೇಲೆ 'ತಾಲೂಕು ಗೋಕಾಕ' ಎಂದೇ ಇರುತ್ತದೆ. ಹುಕ್ಕೇರಿ ತಾಲೂಕಿನ ಕೆಲವು ವಿಳಾಸಗಳಿಗಂತೂ ಇಂದು ಊರೇ ಇಲ್ಲ. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು 1977ರಲ್ಲಿ ಪೂರ್ಣವಾದ ಬಳಿಕ ಹಿನ್ನೀರಿನಲ್ಲಿ ಹೊಲ-ಮನೆಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿಯು ಮೇಲೆ ಕಾಣಿಸಿಕೊಳ್ಳುತ್ತದೆ. ಅದೇ ನೀರು ಕಾಲುವೆಗಳಲ್ಲಿ ಹರಿದು ಕೆಳಗಿನ ಸೀಮೆಯ ಜೋಳದ ಹೊಲಗಳಲ್ಲಿ ಕಬ್ಬನ್ನು ಬೆಳೆಯಿಸಿತು. ಒಬ್ಬರ ಊರು ಮುಳುಗಿ ಮತ್ತೊಬ್ಬರ ಹೊಲ ನೆನೆಯಿತು. ಎರಡೂ ಮನೆಗಳು ಬೀಗತನದವೇ ಆಗಿರಬಹುದು. ಅಂಥ ಎರಡು ಮನೆಗಳ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವನಿಗೆ ನೀರಾವರಿಯ ಚರಿತ್ರೆಯು ವರದಿಗಳಲ್ಲಿ ಕಾಣದಷ್ಟು ಸ್ಪಷ್ಟವಾಗಿ ಕಂಡೀತು.

ಈಗ ಇಂಥ ಕಾಗದಗಳು ಬರುವದಿಲ್ಲ. ತಂತಿಯ ಸಮಾಚಾರವು 2013ರಲ್ಲಿ ನಿಂತೇಹೋಯಿತು. ಕಾರ್ಡು ಇನ್ನೂ ಇದ್ದರೂ ಮನೆಯ ಸುದ್ದಿಗೆ ಅದನ್ನು ಹಿಡಿಯುವವರು ವಿರಳ. ದೂರದ ಮಗನು ಪುಣೆಯಿಂದಲೋ ಪರದೇಶದಿಂದಲೋ ಮೊಬೈಲಿನಲ್ಲಿ ಮಾತಾಡುತ್ತಾನೆ. ಅವ್ವ ತಾನೇ ಕೇಳುತ್ತಾಳೆ, ತಾನೇ ಉತ್ತರ ಪಡೆಯುತ್ತಾಳೆ. ಇದನ್ನು ಹಾನಿಯೆಂದು ಅಳುವದು ಅನ್ಯಾಯ. ಮೂರು ಶಬ್ದಗಳಲ್ಲಿ ಮುಗಿಯುತ್ತಿದ್ದ ಅವಳ ಪಾಲು ಈಗ ಅರ್ಧ ತಾಸಿನದಾಗಿದೆ. ಮಾಸ್ತರನ ಹಂಗು ಅವಳಿಗಿಲ್ಲ. ಆದರೆ ಆಡಿದ ಮಾತು ಗಾಳಿಗೆ ಹೋಗುತ್ತದೆ. ಎತ್ತು ಮೇವು ಬಿಟ್ಟದ್ದನ್ನು ಇಂದು ಆಡಿದರೆ ಮೊಮ್ಮಗನು ಅದನ್ನು ಓದಲಾರನು.

ಆದುದರಿಂದ ಉಳಿದಿರುವ ಕೊಕ್ಕೆಗಳ ವಿಷಯದಲ್ಲಿ ಮನೆಯವರು ಮಾಡಬೇಕಾದದ್ದು ಇಷ್ಟೇ. ತಂತಿಯಿಂದ ಕಾಗದಗಳನ್ನು ತೆಗೆಯುವಾಗ ಅವುಗಳ ಕ್ರಮವನ್ನು ಕೆಡಿಸಬಾರದು; ಕೆಳಗಿನದೇ ಮೊದಲಿನದು. ಸಂವತ್ಸರ, ತಿಥಿ ಮಾತ್ರ ಬರೆದಿದ್ದರೆ ಅಂಚೆಯ ಮುದ್ರೆಯಲ್ಲಿಯ ಇಸವಿಯನ್ನು ನೋಡಿ ಗುರುತಿಸಬೇಕು. ಮೋಡಿಯಲ್ಲಿರುವವನ್ನು ಓದಬಲ್ಲ ಹಿರಿಯರು ಇರುವಾಗಲೇ ಓದಿಸಿ ಕನ್ನಡಕ್ಕೆ ಇಳಿಸಬೇಕು. ಕಾಗದದಲ್ಲಿಯ ಹೆಸರುಗಳು ಯಾರವು, ಮಾರಿದ ಎತ್ತು ಯಾವದು, ಹೇಳದೆ ಬಿಟ್ಟ ಸಾಲ ಎಷ್ಟು ಎಂಬದನ್ನು ಮನೆಯ ಮುದುಕಿಯನ್ನು ಕೇಳಿ ಪಕ್ಕದಲ್ಲಿ ಬರೆದಿಡಬೇಕು. ಕಾಗದದಲ್ಲಿ ಅವಳಿಗೆ ಸಿಗದ ಸ್ಥಳವು ಹೀಗಾದರೂ ಅವಳಿಗೆ ಸಿಕ್ಕೀತು. ಇವುಗಳನ್ನು ಅಚ್ಚು ಹಾಕಿಸಿ ಮೆರೆಯಿಸುವ ಅವಶ್ಯಕತೆ ಇಲ್ಲ. ಮನೆಯೊಳಗೆ ಓದುವವನೊಬ್ಬನು ಇದ್ದರೆ ಸಾಕು. ಬರೆಯಿಸಿದವರು ಕೇಳಿಕೊಂಡದ್ದು ಒಬ್ಬನೇ ಶ್ರೋತೃವನ್ನು. ಆ ಕಾಕನು ಈಗಿಲ್ಲವಾದುದರಿಂದ ಆ ಸ್ಥಾನದಲ್ಲಿ ಕುಳಿತು ಕೇಳುವ ಸರದಿಯು ಇಂದಿನ ವಾಚಕನದು.